ಹನ್ನೊಂದು ಗಂಟಿನ ದಾರ

ಅಪ್ಪಾ,

ನೀನು ತೀರಿಕೊಂಡು ಎರಡು ವರ್ಷದ ಮೇಲೆ, ನೀನು ನೋಡಬೇಕೆಂದಿದ್ದ ಆ ಮರುಭೂಮಿಯ ನದಿಕಣಿವೆಗೆ ಕೊನೆಗೂ ಹೊರಟಿದ್ದೇನೆ. ಬೆಳಿಗ್ಗೆ ನಿನ್ನ ಹೊಲಿಗೆ ಅಂಗಡಿಯ ಮೇಜಿನ ಮೇಲೆ ನೀನಿಟ್ಟಿದ್ದ ಕಣಿವೆಯ ನಕ್ಷೆ ಹರಡಿದಾಗ, ಮಡಿಕೆಯೊಳಗಿಂದ ಕೆಂಪು ದಾರವೊಂದು ಜಾರಿಬಿತ್ತು. ತುಂಬಾ ಗಂಟುಗಳು. ಜನರ ಮೈಗೆ ಟೇಪು ಹಿಡಿಯುತ್ತಿದ್ದವನು ನದಿಗೆ ದಾರ ಹಿಡಿದಿದ್ದೀಯ! ನದಿಯ ಅಂಕುಡೊಂಕಿನ ಮೇಲೆ ಇಟ್ಟು ನೋಡಿದೆ. ಒಂದೊಂದು ಗಂಟೂ ರಾತ್ರಿ ತಂಗುವ ಒಂದೊಂದು ಮರಳ ದಂಡೆಯ ಮೇಲೆ ಸರಿಯಾಗಿ ಕೂತಿತು.

ಎಣಿಸಿದರೆ ಹನ್ನೊಂದು. ರಾಫ್ಟಿಂಗ್‌ನವರ ಪಟ್ಟಿಯಲ್ಲಿ ಆರೇ ರಾತ್ರಿ. ದೋಣಿ ಇಳಿದು ನಡೆದು ಹೋಗಬೇಕಾದ ಕಡೆ ನಿನ್ನ ಗಂಟುಗಳು ಒತ್ತೊತ್ತಾಗಿವೆ. "ಆ ಮಂಡಿ ಇಟ್ಕೊಂಡು ಎಲ್ಲಿಗಪ್ಪಾ, ಸುಮ್ನೆ ಕೂತ್ಕೋ" ಎಂದು ನೀನು ಅಲ್ಲಿಗೆ ಹೊರಡುವ ಮಾತೆತ್ತಿದ ದಿನ ರೇಗಿದ್ದೆನಲ್ಲ, ನೀನು ಮಂಡಿಯನ್ನೂ ಲೆಕ್ಕಕ್ಕೆ ಹಿಡಿದೇ ಗಂಟು ಹಾಕಿದ್ದೆ. ನಕ್ಷೆಯನ್ನು ನೀನು ಮಡಿಚಿಟ್ಟಿದ್ದಷ್ಟೇ ನನಗೆ ನೆನಪು.

ಮಧ್ಯಾಹ್ನ ರಾಫ್ಟ್ ನಡೆಸುವ ಹೆಂಗಸಿಗೆ ಫೋನ್ ಮಾಡಿ, ಹನ್ನೊಂದು ರಾತ್ರಿ ಬೇಕೆಂದೆ.

"ಅಷ್ಟೊಂದು ನಿಧಾನ ಯಾಕ್ರೀ? ಜೊತೆಗೆ ವಯಸ್ಸಾದವರು ಯಾರಾದ್ರೂ ಬರ್ತಾರಾ?"

"ನಮ್ಮಪ್ಪ" ಎಂದೆ. "ಮಂಡಿನೋವು. ಮೆಲ್ಲಗೆ ನಡೀತಾರೆ."