ಮಲಗಿ ತುಳಿಯುವ ಸೈಕಲ್ಲಿಗೆ ಎರಡು ಚೀಲ

ಜನವರಿ 11, ಭಾನುವಾರ

ಸೀಟಿನ ವೆಲ್ಡಿಂಗ್ ಮುಗಿಯಿತು. ಹಿಂದಿನ ಕ್ಯಾರಿಯರ್ ಕೂಡ. ಮಲಗಿಕೊಂಡು ತುಳಿಯುವ ಸೈಕಲ್ಲು — ರಾಣೆಬೆನ್ನೂರಿನಲ್ಲಿ ಇನ್ನೊಬ್ಬ ಮಾಡಿ ತೋರಿಸಲಿ, ಮೀಸೆ ಬೋಳಿಸುತ್ತೇನೆ. ಅಣ್ಣನ ಮಗಳು ತಸ್ಲೀಮ್ ಇದರ ಮೇಲೆ ಲಗೇಜ್ ಹೇರಿಕೊಂಡು ಒಬ್ಬಳೇ ಗೋಕರ್ಣದ ಸಮುದ್ರದವರೆಗೆ ಹೋಗುತ್ತಾಳಂತೆ. ಅಣ್ಣ ಅಬ್ದುಲರಜಾಕನದು ಒಂದೇ ಷರತ್ತು. ಮೊದಲು ನಾನು ಭಾರ ಹೇರಿ ಓಡಿಸಿ, ಗಟ್ಟಿ ಇದೆ ಎನ್ನಬೇಕು. ಇಲ್ಲದಿದ್ದರೆ ಟೂರೂ ಇಲ್ಲ, ಸೈಕಲ್ಲೂ ಇಲ್ಲ.

ತಸ್ಲೀಮ್ ಎರಡು ಉಸುಕಿನ ಚೀಲ ತಂದಿಟ್ಟಳು. "ಚಾಚಾ, ನನ್ನ ಸಾಮಾನು ಇಷ್ಟ ತೂಕ ಆಗತೈತಿ. ಇವನ್ನ ಹೇರಿ ನೋಡ್ರಿ."

"ನನಗ ಕಲಸ್ತೀಯೇನವಾ?" ಅಂದೆ.

ಜನವರಿ 12, ಸೋಮವಾರ, ಸಂಜೆ

ಬ್ಯಾಡಗಿಗೆ ಹೋಗಿ ಬಂದೆ. ಉಸುಕು ನನ್ನ ವೆಲ್ಡಿಂಗ್ ಅಂಗಡಿಯಲ್ಲೇ ಉಳಿಯಿತು. ಉಸುಕಿನ ಚೀಲ ನೋಡಲು ಯಾರು ನಿಲ್ಲುತ್ತಾರೆ? ಮಾರ್ಕೆಟ್ ಯಾರ್ಡಿನಲ್ಲಿ ಎರಡು ಚೀಲ ಒಣಮೆಣಸಿನಕಾಯಿ ಹೇರಿಸಿದೆ. ಉಬ್ಬಿದ ಚೀಲ... ಹಿಂದಿನಿಂದ ನೋಡಿದರೆ ಸೈಕಲ್ಲೇ ಕಾಣದು!

ಹಮಾಲ ನಕ್ಕ. "ಸಾಬ್ರ, ಇದು ಬರೇ ಗಾಳಿ. ಎಡಗೈಲೇ ಎತ್ತೇನಿ ನೋಡ್ರಿ."

"ನೀ ಸುಮ್ಮನ ಫೋಟೋ ಹೊಡಿ."

ದಾರಿ ತುಂಬ ಜನ. "ಯೂಸುಫಸಾಬ್ರ, ಆರಾಮಿಲ್ಲೇನ್ರಿ? ಮಲಕೊಂಡ ಹೊಂಟೀರಲ್ಲ!"

"ರಾಜಾ ಹಿಂಗ ಹೋಗೋದಲೇ!"

ಅಣ್ಣ ಫೋಟೋ ನೋಡಿ ಒಪ್ಪಿದ. ತಸ್ಲೀಮ್ ಮಾತ್ರ ಕೇಳಿದಳು, "ಉಸುಕು ಹೇರಿ ನೋಡಿದ್ರೇನ್ರಿ ಚಾಚಾ?"

"ಅದಕ್ಕಿಂತ ದೊಡ್ಡದು ಹೇರೇನಿ."

ನಂಬಿದಳು.

ಜನವರಿ 24, ಶನಿವಾರ

ಬೆಳಿಗ್ಗೆ ತಸ್ಲೀಮ್ ಕೈ ಬೀಸಿ ಹೋದಳು. ಹಾವೇರಿ ದಾಟುತ್ತಲೇ ಕ್ಯಾರಿಯರಿನ ಎಡಗಡೆ ಬೆಸುಗೆ ಬಿಟ್ಟಿತು. ಬ್ಯಾಗು ಗಾಲಿಗೆ ಸಿಕ್ಕಿ ಬಿದ್ದಳು. ಹೆಗಲಿನ ಎಲುಬು ಮುರಿದಿದೆ.

ಜನವರಿ 27

ಅಣ್ಣ ನನಗೆ ಏನೂ ಅನ್ನಲಿಲ್ಲ. ಅವಳಿಗೇ ಅಂದ. "ನಿಮ್ಮ ಚಾಚಾ ಅಂಥಾ ಚೀಲ ಹೇರ್ಕೊಂಡ ಬ್ಯಾಡಗಿಯಿಂದ ಬಂದಾನ. ನಿನಗ ಓಡಸಾಕ ಬರಂಗಿಲ್ಲ, ಅಷ್ಟ. ನಾಳೆ ಸೈಕಲ್ ಗುಜರಿಗೆ. ಇನ್ನ ಸೈಕಲ್ ಮಾತ ಎತ್ತಬ್ಯಾಡ."

ತಸ್ಲೀಮ್ ಅಳಲಿಲ್ಲ. ನನ್ನ ಕಡೆ ನೋಡಿದಳು. "ಚಾಚಾ, ಆ ಚೀಲದಾಗ ಏನಿತ್ರಿ?"

"ಭಾರ ಇತ್ತವಾ," ಅಂದೆ. ಅತ್ತಿಗೆ ಕೊಟ್ಟ ಚಹಾ ಪೂರ್ತಿ ಕುಡಿದೆ. ಕುಡಿಯಲು ಆಯಿತಲ್ಲ...

ಜನವರಿ 28, ಬೆಳಿಗ್ಗೆ

ಎಡಗಡೆ ಮತ್ತೆ ಬೆಸೆದೆ. ಉಸುಕಿನ ಚೀಲ ಎರಡನ್ನೂ ಹೇರಿದೆ — ಈಗ. ಮಲಗಿ ತುಳಿದೆ. ಎದುರಿನ ಚಹಾದಂಗಡಿ ಕೂಡ ದಾಟಲಿಲ್ಲ. ಬಲಗಡೆ ಬೆಸುಗೆ ಟಕ್ ಅಂದಿತು. ಉಸುಕೆಲ್ಲ ರಸ್ತೆಗೆ. ಇಷ್ಟು ದೂರ ಓಡಿಸಿ ನೋಡಿದ್ದರೆ ಸಾಕಿತ್ತು. ಇದಕ್ಕೆ ಬ್ಯಾಡಗಿತನಕ ಮೆರೆದು ಬಂದೆ.

ಗುಜರಿಯವನ ಗಾಡಿ ಬಾಗಿಲಿಗೆ ನಿಂತಿದೆ. ಜೊತೆಗೆ ಅಣ್ಣ. "ಯೂಸುಫ, ಏನ ಬರ್ಕೋಂತ ಕುಂತೀಯೋ? ಹೊರಗ ಬಾ."

ಒಂದು ನಿಮಿಷ ಅಂದಿದ್ದೇನೆ. ಬಾಯಲ್ಲಿ ಬರುತ್ತಿಲ್ಲ, ಮೊದಲು ಬರೆದು ನೋಡುತ್ತೇನೆ. ಅಣ್ಣಾ, ಅವಳ ತಪ್ಪಲ್ಲ. ಆ ಚೀಲದಲ್ಲಿ ಇದ್ದದ್ದು —