ಎಣಿಸದೆ ಬದಿಗಿಟ್ಟ ಮತಯಂತ್ರದ ಬಗ್ಗೆ

ಮಾನ್ಯ ಚುನಾವಣಾಧಿಕಾರಿಗಳೇ,

ಕಳೆದ ಚುನಾವಣೆಯ ಎಣಿಕೆಯ ದಿನ, ಮಧ್ಯಾಹ್ನದ ಊಟಕ್ಕೂ ಮೊದಲೇ, ನಮ್ಮ ಮತಗಟ್ಟೆಯ ಯಂತ್ರವನ್ನು ನೀವು ಎಣಿಸದೆ ಬದಿಗಿಟ್ಟಿರಿ. ಅದನ್ನು ಯಾರೂ ಕದ್ದಿರಲಿಲ್ಲ, ಒಡೆದಿರಲಿಲ್ಲ. ಗೆದ್ದವರಿಗೂ ಸೋತವರಿಗೂ ಇದ್ದ ಅಂತರ ಅದರೊಳಗಿನ ಒಟ್ಟು ಮತಗಳಿಗಿಂತ ದೊಡ್ಡದಾಗಿತ್ತು. ಆದ್ದರಿಂದ ಎಣಿಸಿದರೂ ಒಂದೇ, ಬಿಟ್ಟರೂ ಒಂದೇ ಎಂದು ತೀರ್ಮಾನಿಸಿದಿರಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಸಾಲಿನಲ್ಲಿ ನಿಂತು ನಾವು ಹಾಕಿದ ಮತಗಳು ಇವತ್ತಿಗೂ ನಿಮ್ಮ ಉಗ್ರಾಣದಲ್ಲಿ ಅರಗಿನ ಮೊಹರು ಹಾಕಿಸಿಕೊಂಡು ಕೂತಿವೆ. ಮುಂದಿನ ತಿಂಗಳು ಮತ್ತೊಂದು ಚುನಾವಣೆ ಇದೆ. ಅದಕ್ಕೆ ಯಂತ್ರಗಳು ಬೇಕಾಗಿರುವುದರಿಂದ ಆ ಮತಗಳನ್ನು ಅಳಿಸುತ್ತೀರಂತೆ.

ಸಿಟ್ಟಿನಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಬೀದಿದೀಪದ ಬಗ್ಗೆ, ಗ್ರಂಥಾಲಯದ ಸೋರುವ ಮಾಳಿಗೆಯ ಬಗ್ಗೆ ಸಿಟ್ಟಿನಿಂದ ಬರೆದ ನನ್ನ ಪತ್ರಗಳು ನಿಮ್ಮ ನೆರೆಯ ಕಚೇರಿಗಳಲ್ಲಿ ಸಾಕಷ್ಟಿವೆ. ಈ ಸಲ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಬಹಳ ಹೊತ್ತು ಮಡಿಸಿಕೊಂಡು ಕೂತ ಕಾಲು ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಬೇರೆ ಯಾರದೋ ಕಾಲು ಎನಿಸುತ್ತದಲ್ಲ, ಹಾಗಾಗಿದೆ. ಆ ಕಾಲಿನ ಮೇಲೇ ಎದ್ದು ನಿಂತು ಬರೆಯುತ್ತಿದ್ದೇನೆ.

ನಾನು ನಗರ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ನಮ್ಮ ಮತಗಟ್ಟೆ ಅದೇ ಗ್ರಂಥಾಲಯದ ವಾಚನಾಲಯ. ಮತಯಂತ್ರ ಮೊದಲ ಬಾರಿಗೆ ಬಂದ ವರ್ಷ, ಜನರಿಗೆ ತಿಳಿವಳಿಕೆ ಕೊಡಲೆಂದು ನಿಮ್ಮ ಕಚೇರಿಯವರು ಅಲ್ಲಿಗೊಂದು ಮಾದರಿ ಯಂತ್ರ ತಂದಿದ್ದರು. ಪತ್ರಿಕೆಗಳ ಮೇಜನ್ನು ಖಾಲಿ ಮಾಡಿಕೊಟ್ಟವಳು ನಾನೇ. ಅಭ್ಯರ್ಥಿಗಳ ಜಾಗದಲ್ಲಿ ಹಣ್ಣುಗಳ ಚಿತ್ರಗಳಿದ್ದವು. ನನ್ನ ಅಮ್ಮ ದ್ರಾಕ್ಷಿಯ ಗುಂಡಿ ಒತ್ತಿ, ನಿಮ್ಮ ಅಧಿಕಾರಿಯ ಕಡೆ ತಿರುಗಿದಳು.

"ದ್ರಾಕ್ಷಿ ಒತ್ತಿದೆ. ಅದು ದ್ರಾಕ್ಷಿಗೇ ಹೋಯ್ತು ಅಂತ ನಂಗೆ ಹೇಗಪ್ಪಾ ಗೊತ್ತಾಗ್ಬೇಕು?"

"ಯಂತ್ರ ಸುಳ್ಳು ಹೇಳಲ್ಲಮ್ಮ."

"ಯಂತ್ರ ಹೇಳಲ್ಲ, ಸರಿ. ಅದನ್ನ ಹೊತ್ಕೊಂಡು ಹೋಗೋರು?"

ವಾಚನಾಲಯವೇ ನಕ್ಕಿತು. ನಿಮ್ಮ ಅಧಿಕಾರಿಯೂ ನಕ್ಕರು. ಉತ್ತರ ಮಾತ್ರ ಕೊಡಲಿಲ್ಲ. ಆ ಉತ್ತರ ಕೊಡುವ ಕೆಲಸ ಅಂದಿನಿಂದ ನನ್ನ ಪಾಲಿಗೆ ಬಂತು. ಗ್ರಂಥಾಲಯದ ಪಕ್ಕದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ತಮ್ಮ, "ಒತ್ತೋದು ಇಲ್ಲಿ, ಬೀಳೋದು ಇನ್ನೆಲ್ಲೋ" ಎಂದು ಗಿರಾಕಿಗಳಿಗೆಲ್ಲ ಉಪದೇಶ ಕೊಡುತ್ತಿದ್ದ. ನಾನು ಅವನೊಡನೆ ವರ್ಷಗಟ್ಟಲೆ ವಾದಿಸಿದೆ. ಹಳೆಯ ಕಾಗದದ ದಿನಗಳಲ್ಲಿ ಪೆಟ್ಟಿಗೆಗಳನ್ನೇ ಹೊತ್ತೊಯ್ದದ್ದನ್ನು, ಸತ್ತವರೂ ಬಂದು ಮುದ್ರೆ ಒತ್ತಿ ಹೋಗುತ್ತಿದ್ದುದನ್ನು ನೆನಪಿಸಿದೆ. ಗಾಜಿನ ಹಿಂದೆ, ಒತ್ತಿದ ಚಿಹ್ನೆಯ ಚೀಟಿ ಕಾಣಿಸುವ ಪೆಟ್ಟಿಗೆ ಬಂದ ಮೇಲಂತೂ, "ನೋಡು, ಇನ್ನೇನು ಬೇಕು ನಿಂಗೆ?" ಎಂದು ಗೆದ್ದವಳಂತೆ ಬೀಗಿದೆ. ನಿಮ್ಮ ಇಲಾಖೆಗೆ ಸಂಬಳವಿಲ್ಲದ ವಕೀಲೆ ಒಬ್ಬಳಿದ್ದಳು, ನಿಮಗೆ ಗೊತ್ತೇ ಇರಲಿಲ್ಲ.

ಅಮ್ಮನಿಗೆ ಈಗ ಕಣ್ಣು ಹೆಚ್ಚು ಕಡಿಮೆ ಹೋಗಿದೆ. ಕಳೆದ ಚುನಾವಣೆಯಲ್ಲಿ, ಕಾಣದವರ ಪರವಾಗಿ ಮನೆಯವರು ಒತ್ತಬಹುದು ಎಂದು ನಾನು ನಿಯಮ ಹೇಳಿದೆ. "ಇಷ್ಟು ದಿನ ನಿಮ್ಮಪ್ಪನಿಗೇ ಹೇಳಿಲ್ಲ, ನಿಂಗೆ ತೋರಿಸ್ತೀನಾ?" ಎಂದಳು. ಅಭ್ಯರ್ಥಿಗಳ ಕ್ರಮವನ್ನು ನನ್ನಿಂದ ಓದಿಸಿ ಬಾಯಿಪಾಠ ಮಾಡಿಕೊಂಡಳು. ಒಬ್ಬಳೇ ಮರೆಯೊಳಗೆ ಹೋಗಿ, ಬೆರಳನ್ನು ಮೇಲಿನಿಂದ ಕೆಳಗೆ ಜಾರಿಸುತ್ತ ಗುಂಡಿ ಹುಡುಕಿ ಒತ್ತಿದಳು. ಯಂತ್ರ ಉದ್ದಕ್ಕೆ ಕೂಗಿತು. ಗಾಜಿನ ಹಿಂದಿನ ಚೀಟಿ ಅವಳಿಗೆ ಕಾಣುವಂತಿರಲಿಲ್ಲ. ಒಳಗಿನಿಂದಲೇ ಕೇಳಿದಳು: "ಚೀಟಿ ಬಿತ್ತೇನಪ್ಪಾ?"

ಮತಗಟ್ಟೆಯ ಅಧಿಕಾರಿ ಒಬ್ಬ ವಿಜ್ಞಾನದ ಮೇಷ್ಟರು. ಕೂತಲ್ಲಿಂದಲೇ, "ಬಿತ್ತಮ್ಮ, ಸದ್ದು ನಂಗೂ ಕೇಳಿಸ್ತು" ಎಂದರು. ಬೆರಳಿನ ಶಾಯಿ ಒಣಗಲೆಂದು ಊದಿಕೊಳ್ಳುತ್ತ ಅಮ್ಮ ಮನೆಗೆ ಬಂದಳು.

ಎಣಿಕೆ ಮುಗಿದ ಮರುವಾರ ಆ ಮೇಷ್ಟರು ನಮ್ಮ ಮನೆ ಹುಡುಕಿಕೊಂಡು ಬಂದರು. ಅವರು ಹೇಳಿದ್ದು ಇಷ್ಟೇ. ಮತದಾನದ ಬೆಳಿಗ್ಗೆ ಪಕ್ಷಗಳ ಏಜೆಂಟರೆದುರು ಅಣಕು ಮತದಾನ ಮಾಡಿ, ಯಂತ್ರ ಸರಿಯಿದೆಯೆಂದು ತೋರಿಸಬೇಕು. ಆಮೇಲೆ ಆ ಸುಳ್ಳು ಮತಗಳನ್ನು ಅಳಿಸಿ, ನಿಜವಾದ ಮತದಾನ ಶುರು ಮಾಡಬೇಕು. ಅಣಕು ಮತ ಎಣಿಸಿದಾಗ, ಯಾವತ್ತೂ ಸೋಲುವ ಪಕ್ಷಕ್ಕೆ ಹೆಚ್ಚು ಮತ ಬಂದಿತ್ತಂತೆ. "ಇಲ್ಲಿಗೇ ನಿಲ್ಸಿ ಮೇಷ್ಟ್ರೇ, ಸೀಲ್ ಹೊಡೀರಿ, ಎಲ್ಲರೂ ಮನೆಗೆ ಹೋಗೋಣ" ಎಂದು ಆ ಪಕ್ಷದ ಏಜೆಂಟ ಅಂದನಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ಅಷ್ಟರಲ್ಲಿ ಹೊರಗಿನ ಸಾಲು ಬಾಗಿಲು ಬಡಿಯತೊಡಗಿತು. ಚೀಟಿ ಪೆಟ್ಟಿಗೆಯಿಂದ ಅಣಕು ಚೀಟಿಗಳನ್ನು ಮೇಷ್ಟರು ನೆನಪಿನಿಂದ ತೆಗೆದು ಬೇರೆ ಲಕೋಟೆಗೆ ಹಾಕಿದರು. ಯಂತ್ರದೊಳಗಿನದನ್ನು ಅಳಿಸುವುದು ನಗುವಿನಲ್ಲಿ ಮರೆತುಹೋಯಿತು. ಸಂಜೆ ಯಂತ್ರದ ಒಟ್ಟು ಮತಗಳಿಗೂ ಬಂದು ಹೋದ ಮತದಾರರ ಸಂಖ್ಯೆಗೂ ಲೆಕ್ಕ ತಾಳೆಯಾಗಲಿಲ್ಲ. ಹೀಗೆ ನಮ್ಮ ಯಂತ್ರ ತಕರಾರಿನ ಯಂತ್ರವಾಯಿತು.

"ತಪ್ಪು ನಂದೇ ಅಮ್ಮ" ಎಂದರು ಮೇಷ್ಟರು.

"ತಪ್ಪಾಯ್ತು, ಬಿಡಿ. ತಿದ್ದೋಕೆ ಏನು ಕಷ್ಟ?" ಎಂದಳು ಅಮ್ಮ.

"ಫಲಿತಾಂಶ ಬದಲಾಗಲ್ಲ ಅಂತ ಮೇಲಿನವರು..."

"ಮೇಷ್ಟ್ರೇ, ಕ್ಲಾಸೆಲ್ಲ ಪಾಸಾಯ್ತು ಅಂತ ಒಬ್ಬ ಹುಡುಗನ ಪೇಪರನ್ನ ಓದ್ದೆ ಕಟ್ಟಿಡ್ತೀರಾ?"

ನೀವು ಮೇಷ್ಟರಿಗೆ ನೋಟಿಸು ಕೊಟ್ಟಿದ್ದೀರಿ ಎಂದು ಕೇಳಿದ್ದೇನೆ. ದಯವಿಟ್ಟು ಅದನ್ನು ಹಿಂದಕ್ಕೆ ಪಡೆಯಿರಿ. ಅವರು ಮರೆತರು. ಮರೆವು ಮನುಷ್ಯರಿಗೆ ಬರುವಂಥದ್ದು. ನೀವು ಮರೆಯಲಿಲ್ಲ, ಎಲ್ಲ ನೆನಪಿದ್ದೂ ಬೇಡವೆಂದಿರಿ. ಅದಕ್ಕೆ ನೋಟಿಸು ಕೊಡುವವರು ಯಾರು?

ಆಮೇಲೆ ನಿಮ್ಮ ಕಚೇರಿಗೂ ಬಂದೆ. ಫ್ಯಾನಿನ ಕೆಳಗೆ ಕೂತಿದ್ದ ಗುಮಾಸ್ತರು ಮರ್ಯಾದೆಯಿಂದಲೇ ಮಾತಾಡಿದರು. "ಮೇಡಂ, ನೀವು ಹಾಕಿದೋರು ಗೆದ್ರಾ, ಸೋತ್ರಾ?" ಅದು ನಿಮಗೇಕೆ ಎಂದೆ. "ಹಾಗಲ್ಲ, ಗೆದ್ದಿದ್ರೆ ನಿಮ್ಮ ಕೆಲಸ ಆಗೋಯ್ತು. ಸೋತಿದ್ರೆ ಇದನ್ನ ಎಣಿಸಿದ್ರೂ ಗೆಲ್ಲಲ್ಲ. ಎರಡರಲ್ಲೂ ನಿಮಗೆ ನಷ್ಟ ಇಲ್ವಲ್ಲ?" ಎಂಥ ಸೊಗಸಾದ ತರ್ಕ! ಇದನ್ನು ಇಷ್ಟಕ್ಕೇ ಏಕೆ ನಿಲ್ಲಿಸಿದಿರಿ, ಸ್ವಾಮಿ? ಅಂತರ ದೊಡ್ಡದಿರುತ್ತದೆಂದು ಮೊದಲೇ ಅಂದಾಜಿರುವ ಕಡೆ ಮತಗಟ್ಟೆಯನ್ನೇ ತೆರೆಯದಿದ್ದರೆ ಶಾಯಿಯೂ ಉಳಿಯುತ್ತಿತ್ತಲ್ಲ? ನಮ್ಮ ಬೀದಿಗಳಿಗೆ ಒಂದು ಕಾರ್ಡು ಬರೆದುಬಿಡಬಹುದಿತ್ತು: ಈ ಸಲ ನೀವು ಬೇಕಾಗಿಲ್ಲ, ಮನೆಯಲ್ಲೇ ಇರಿ.

ಗ್ರಂಥಾಲಯದಲ್ಲಿ ವರ್ಷಕ್ಕೊಮ್ಮೆ ಬಾಗಿಲು ಹಾಕಿ ಪುಸ್ತಕಗಳನ್ನೆಲ್ಲ ಎಣಿಸುತ್ತಿದ್ದೆವು. ಹತ್ತು ವರ್ಷದಿಂದ ಯಾರೂ ಮುಟ್ಟದ ಪುಸ್ತಕವನ್ನೂ ಕೆಳಗಿಳಿಸಿ, ಧೂಳು ಒರೆಸಿ, ಗುರುತು ಹಾಕಿ ಮತ್ತೆ ಇಡುತ್ತಿದ್ದೆವು. ಇದನ್ನು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಯಾರು ಓದುತ್ತಾರೆ ಎಂದು ತಿಳಿಯಲು ಎಣಿಸುತ್ತಿರಲಿಲ್ಲ. ಅದು ಇದೆ ಎಂದು ಹೇಳಲು ಎಣಿಸುತ್ತಿದ್ದೆವು.

ನನ್ನ ತಮ್ಮ ಈಗ ವಾದಕ್ಕೆ ಬರುವುದಿಲ್ಲ. ಆಡಿಕೊಂಡು ನಗುತ್ತಾನೆಂದು ಕಾದಿದ್ದೆ, ನಗಲಿಲ್ಲ. ಯಾರದೋ ಅರ್ಜಿ ಜೆರಾಕ್ಸ್ ಮಾಡುತ್ತ, ನನ್ನ ಮುಖ ನೋಡದೆ ಅಂದ: "ಕಳ್ಳತನ ಆಗತ್ತೆ ಅಂತ ನಾನಂದೆ, ಆಗಲ್ಲ ಅಂತ ನೀನಂದೆ. ಇಬ್ಬರೂ ಸೋತ್ವಿ ಅಕ್ಕ. ನಮ್ಮ ವೋಟು ಕದಿಯೋಕೂ ಯಾರಿಗೂ ಬೇಕಾಗಿಲ್ಲ."

ಯಂತ್ರದೊಳಗೆ ಕೈವಾಡವಿದೆ ಎನ್ನುವವರ ಜೊತೆ ಇವತ್ತೂ ವಾದಿಸಬಲ್ಲೆ, ಏಕೆಂದರೆ ಆ ಮಾತನ್ನು ನಾನು ಇವತ್ತೂ ನಂಬುವುದಿಲ್ಲ. ಆದರೆ ಯಂತ್ರದ ಮೇಲೆ ಜನರಿಗೆ ನಂಬಿಕೆ ಬರಲೆಂದು ನೀವು ಹಾಕಿಸಿದ ಗಾಜು, ದೀಪ, ಮೊಹರು, ಕಾವಲು ಎಲ್ಲ ಇದ್ದೂ, ಕೊನೆಗೆ ಅದನ್ನು ತೆರೆಯುವ ಮನಸ್ಸೇ ಇಲ್ಲವಾದರೆ? ಬೀಗ ಭದ್ರವಾಗಿದೆ ಎಂದು ತೋರಿಸುತ್ತ, ಒಳಗಿರುವವರನ್ನು ಮರೆತ ಹಾಗಾಯಿತು. ವಾಚನಾಲಯದ ಗೋಡೆಯ ಮೇಲೆ ನಿಮ್ಮ ಭಿತ್ತಿಪತ್ರ ಇನ್ನೂ ಇದೆ: 'ನಿಮ್ಮ ಪ್ರತಿ ಮತವೂ ಅಮೂಲ್ಯ.' ಅಮೂಲ್ಯವಾದದ್ದನ್ನು ಮುಟ್ಟದೆ ಎತ್ತಿಡುವುದು ವಾಡಿಕೆ ಎಂದು ಸಮಾಧಾನ ಮಾಡಿಕೊಳ್ಳಲೇ?

ಆ ಬೆಳಿಗ್ಗೆ ಅಳಿಸಬೇಕಾದದ್ದನ್ನು ಅಳಿಸಲಿಲ್ಲ. ಈಗ ಅಳಿಸಬಾರದ್ದನ್ನು ಅಳಿಸಲು ಹೊರಟಿದ್ದೀರಿ. ಅಷ್ಟರೊಳಗೆ ಇದೊಂದನ್ನು ಮಾಡಿ. ಮರುಮತದಾನ ಬೇಡ. ಗೆದ್ದವರು ಗೆದ್ದೇ ಇರಲಿ. ಅವರ ಕುರ್ಚಿ ನಮ್ಮಿಂದ ಅಲುಗುವುದಿಲ್ಲ ಎಂಬುದು ನಮಗೆ ಚೆನ್ನಾಗಿ ಅರ್ಥವಾಗಿದೆ. ಯಂತ್ರದ ಮಾತೂ ಬೇಡ. ಚೀಟಿಗಳ ಪೆಟ್ಟಿಗೆಯಲ್ಲಿ ಇರುವುದು ನಮ್ಮ ಚೀಟಿಗಳು ಮಾತ್ರ. ಅದನ್ನು ಅದೇ ವಾಚನಾಲಯಕ್ಕೆ ತನ್ನಿ. ಮೇಜು ಖಾಲಿ ಮಾಡಿಸುವುದು ನನಗೆ ಅಭ್ಯಾಸವಿದೆ. ಏಜೆಂಟರನ್ನೂ ಮೇಷ್ಟರನ್ನೂ ಕರೆಯಿರಿ. ಒಂದೊಂದೇ ಚೀಟಿ ಎತ್ತಿ, ಗಟ್ಟಿಯಾಗಿ ಓದಿ ಎಣಿಸಿ. ಗಟ್ಟಿಯಾಗಿ ಎಂದು ಏಕೆ ಕೇಳುತ್ತಿದ್ದೇನೆಂದರೆ, ಕೇಳಿಸಿಕೊಳ್ಳಲು ಬರುವವರಲ್ಲಿ ಒಬ್ಬಳಿಗೆ ಕಣ್ಣು ಕಾಣುವುದಿಲ್ಲ.

ಮುಂದಿನ ತಿಂಗಳ ಚುನಾವಣೆಗೆ ಬರುತ್ತೀಯಾ ಎಂದು ಮೊನ್ನೆ ಅಮ್ಮನನ್ನು ಕೇಳಿದೆ. ಇಲ್ಲಿಯವರೆಗೆ ಒಂದನ್ನೂ ತಪ್ಪಿಸಿದವಳಲ್ಲ. "ಹಿಂದಿನದನ್ನ ಎಣಿಸಿದ್ರಾ?" ಎಂದಳು. ಇಲ್ಲ ಎಂದೆ. "ಎಣಿಸಿದ ಮೇಲೆ ಹೇಳು, ಬರ್ತೀನಿ" ಎಂದು ಮಗ್ಗುಲು ಬದಲಿಸಿದಳು.

ಎಣಿಸುತ್ತೀರೋ ಇಲ್ಲವೋ? ಉತ್ತರವನ್ನು ನನ್ನ ಮನೆಗೆ ಲಕೋಟೆಯಲ್ಲಿ ಕಳಿಸಬೇಡಿ. ವಾಚನಾಲಯದ ಗೋಡೆಯ ಮೇಲೆ, ನಿಮ್ಮ ಭಿತ್ತಿಪತ್ರದ ಪಕ್ಕದಲ್ಲೇ, ನಿಮ್ಮ ಸಹಿಯೊಂದಿಗೆ ಅಂಟಿಸಿ. ಹೋಗಿ ಬರುವವರೆಲ್ಲ ಎರಡನ್ನೂ ಒಟ್ಟಿಗೆ ಓದಿಕೊಳ್ಳಲಿ. ಅಮ್ಮನಿಗೆ ನಾನು ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ಉಗ್ರಾಣದಲ್ಲಿ, ಮೊಹರಿನ ಒಳಗೆ ಇರುವ
ಫಲಿತಾಂಶಕ್ಕೆ ಬೇಕಿಲ್ಲದ ಮತದಾರಳು