ಮೂರು ಗಂಟೆಯ ಲೋಡ್

ಜೇವರ್ಗಿ
ಮೇ 30

ಕಿಣ್ಣಿ ಸುಲ್ತಾನ ಗ್ರಾಮದ ಬಾಳಮ್ಮ ಅತ್ತೆಯವರಿಗೆ, ಅಳಿಯ ಶ್ರೀಮಂತನ ಶರಣು.

ನಿಮ್ಮ ಮಗಳು ಶೈಲಶ್ರೀ ಹೇಗೆ ಹೋದಳೆಂದು ಮಣ್ಣು ಮಾಡಿದ ದಿನ ನೀವು ಕೇಳಿದಾಗ ನಾನು ಪೂರ್ತಿ ಹೇಳಲಿಲ್ಲ.

ಸಬ್‌ಸ್ಟೇಷನ್ನಿನಲ್ಲಿ ಕುಳಿತು, ಯಾವ ಲೈನ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ತಾಸಿಗೊಮ್ಮೆ ಬರೆಯುವುದು ನನ್ನ ಕೆಲಸ. ಅಂದು ಮಧ್ಯಾಹ್ನ ಮೂರಕ್ಕೆ ಮನೆಮನೆಯ ಕೂಲರ್ ಓಡಿ ಲೋಡ್ ಮಿತಿ ಮೀರಿತು. ಒಂದು ಲೈನಿನ ಕರೆಂಟ್ ತೆಗೆಯಲೇಬೇಕಿತ್ತು. ಮನೆಯಲ್ಲಿ ಕರೆಂಟಿನ ಮೇಲೆ ಓಡುವ ಅವಳ ಆಕ್ಸಿಜನ್ ಮಷಿನ್ ನೆನಪಾಗಿ ಫೋನ್ ಮಾಡಿದೆ.

"ಶೈಲಾ, ಒಂದ್ ತಾಸು ನಮ್ಮ ಲೈನ್ ತೆಗೀಬೇಕು. ಇಲ್ಲಂದ್ರ ಹೆರಿಗಿ ದವಾಖಾನಿದು ತೆಗೀಬೇಕಾಗ್ತದ. ಸಿಲಿಂಡರ್ ತುಂಬಿ ಅದ ಏನು?"

"ತುಂಬಿ ಅದ ರೀ. ಹಚ್ಕೋತೀನಿ. ದವಾಖಾನಿದು ಮಾತ್ರ ತೆಗೀಬ್ಯಾಡ್ರಿ."

ನಮ್ಮ ಲೈನ್ ತೆಗೆದು, ಪುಸ್ತಕದಲ್ಲಿ ಅದರ ಮುಂದೆ ಸೊನ್ನೆ ಬರೆದೆ. ನಾಲ್ಕಕ್ಕೆ ಕರೆಂಟ್ ಕೊಟ್ಟು ಫೋನ್ ಮಾಡಿದರೆ ಎತ್ತಲಿಲ್ಲ. ಮನೆಗೆ ಓಡಿದೆ. ಎಲ್ಲ ಮುಗಿದಿತ್ತು. ಪಕ್ಕದ ಮನೆಯ ನಿಶಾತ ಅಳುತ್ತ, "ಸಿಲಿಂಡರ್ ನಿನ್ನೆನೇ ಖಾಲಿ ಆಗಿತ್ತು ಭಾಯ್. ಅಕ್ಕಾಗ ಗೊತ್ತಿತ್ತು," ಎಂದಳು.

ತಿಂಗಳ ಕೊನೆಗೆ ಸರಾಸರಿ ಲೋಡನ್ನು ಗರಿಷ್ಠ ಲೋಡಿನಿಂದ ಭಾಗಿಸಿ, ಲೋಡ್ ಫ್ಯಾಕ್ಟರ್ ಬರೆದು ಕಳಿಸಬೇಕು. ನಾಳೆ ಕೊನೆಯ ದಿನ. ಸೊನ್ನೆ ಬರೆದ ಆ ಪುಟ ತೆರೆಯಲು ನನ್ನ ಕೈ ಏಳುತ್ತಿಲ್ಲ.

ಮಷಿನನ್ನು ನಿಮ್ಮ ಕಡೆಯ ಆಳಂದದ ಬಸ್ಸಿಗೆ ಹಾಕುತ್ತೇನೆ, ಬೇಕಾದವರಿಗೆ ಕೊಡಿ. ಕರೆಂಟ್ ಹೋದರೂ ಮಷಿನ್ ನಿಲ್ಲದಿರಲೆಂದು, ಜೊತೆಗಿರುವ ಬ್ಯಾಟರಿಯನ್ನು ಅವಳು ಹೋದ ಮೇಲೆ, ಮೊನ್ನೆ ಕೊಂಡೆ.

ಇಲ್ಲಿ ಎಲ್ಲರೂ ನನ್ನ ತಪ್ಪಿಲ್ಲ ಎನ್ನುತ್ತಾರೆ. ಈ ಕಾಗದ ಮುಟ್ಟಿದ ಮೇಲೆ ನೀವಾದರೂ ಫೋನ್ ಮಾಡಿ ನನ್ನನ್ನು ಒಮ್ಮೆ ಬೈಯಿರಿ.

ನಿಮ್ಮ ಮನೆಯವನೇ ಆದ,
ಶ್ರೀಮಂತ